ಗುಡ್ಡಕ್ಕೆ ಟ್ರಂಚು ಹೊಡೆದಾಯ್ತು, ಇನ್ನು ಕುರಿ ಎಲ್ಲಿಗೆ ಹೊಡೆಯೋದು?

ಹಟ್ಟಿಹೈದ · ಆಗಸ್ಟ್ 2025

ಇಲ್ಲಿ ದಿನಾ ಓದ್ತೀನಿ, ಬರೆಯೋದು ಇದೇ ಮೊದಲು. ಉದ್ದ ಆಯ್ತು ಅಂತ ಬೈಕೋಬೇಡಿ.

ನಾನು ಶಿರಾ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯವನು, ಕಾಡುಗೊಲ್ಲರ ಪೈಕಿ. ಕೆಲಸ ತುಮಕೂರಲ್ಲಿ. ಹಟ್ಟೀಲಿ ಅಪ್ಪ, ಅವ್ವ, ತಾತ ಇದಾರೆ. ಎಂಬತ್ತು ಚಿಲ್ಲರೆ ಕುರಿ, ಹತ್ತು ಮೇಕೆ. ಹೊಲ ಅಂತ ಇರೋದು ಎರಡೂವರೆ ಎಕರೆ ಕಲ್ಲುನೆಲ. ಮನೆ ನಡೆಯೋದು ಕುರಿಯಿಂದಲೇ.

ನಮ್ಮ ವರ್ಷದ ಲೆಕ್ಕ ಗೊತ್ತಿಲ್ಲದವರಿಗೆ ಹೇಳ್ತೀನಿ. ಮುಂಗಾರು ಬಿದ್ದರೆ ಬಯಲು ತುಂಬ ರಾಗಿ, ಕಡ್ಲೆಕಾಯಿ, ತೊಗರಿ. ಕುರಿ ಅತ್ತ ಮೂತಿ ತಿರುಗಿಸಿದ್ರೂ ಜಗಳ. ಆ ನಾಲ್ಕೈದು ತಿಂಗಳು ಗುಡ್ಡವೇ ಗತಿ. ಸುಗ್ಗಿ ಮುಗಿದ ಮೇಲೆ ಹೊಲದವರೇ ಕರೆದು ಮಂದೆ ತರುಬಿಸ್ಕೊತಾರೆ, ಗೊಬ್ಬರಕ್ಕೆ ಬದಲು ಕಾಳೋ ಕಾಸೋ ಕೊಡ್ತಾರೆ. ಸಂಕ್ರಾಂತಿ ಕಳೆದು ಬಯಲೆಲ್ಲ ಬೋಳಾದಾಗ ಹಿಂಡು ಹೊಡ್ಕೊಂಡು ನೀರಾವರಿ ಸೀಮೆ ಕಡೆ ಹೋಗೋದು. ಊರಲ್ಲಿ ಮಳೆ ಆಯ್ತು ಅಂತ ಫೋನು ಬಂದ ಮೇಲೆ ವಾಪಸ್ಸು. ಮೊದಲು ಫೋನಿರಲಿಲ್ಲ, ಮೋಡ ನೋಡ್ಕೊಂಡು ಬರ್ತಿದ್ದರಂತೆ.

ಈ ಸಲ ವಾಪಸ್ ಬರೋ ಹೊತ್ತಿಗೆ ಗುಡ್ಡದ ಬುಡಕ್ಕೆ ಉದ್ದಕ್ಕೂ ಟ್ರಂಚು. ಆಳೆತ್ತರ. ಒಳಗೆ ಸಾಲಾಗಿ ಗುಂಡಿ, ಗುಂಡಿಗೊಂದು ಹೊಂಗೆ ಸಸಿ. ಅಪ್ಪ ಕೇಳಿದ್ದಕ್ಕೆ ಗಾರ್ಡು, "ಪ್ಲಾಂಟೇಶನ್ ಆಗಿದೆ, ಒಳಗೆ ಬಿಟ್ರೆ ಕೇಸು" ಅಂದ. ದಾರಿನಾದ್ರೂ ಬಿಡ್ರಪ್ಪ, ನೀರು ಇರೋದು ಆ ಕಡೆ ಸರದಲ್ಲಿ (ಹಳ್ಳದಲ್ಲಿ) ಅಂದ್ರೆ ಮಾತೇ ಇಲ್ಲ. ಹೋದ ವಾರ ಗಬ್ಬದ ಕುರಿಯೊಂದು ಟ್ರಂಚಿಗೆ ಬಿದ್ದು ಮುಂಗಾಲು ಮುರ್ಕೊಂತು. ಅವ್ವ ಎರಡು ದಿನ ಊಟ ಬಿಟ್ಟಳು.

ಜುಲೈನಲ್ಲಿ ಕಾಡೊಳಗೆ ದನ, ಕುರಿ, ಮೇಕೆ ಮೇಯಿಸೋದನ್ನ ನಿಷೇಧಿಸೋಕೆ ಕ್ರಮ ತಗೊಳ್ಳಿ ಅಂತ ಅರಣ್ಯ ಸಚಿವರು ಸೂಚನೆ ಕೊಟ್ಟ ಸುದ್ದಿ ಬಂದ ಮೇಲಂತೂ ಅಪ್ಪ, "ಅರ್ಧ ಹಿಂಡು ಮಾರಿಬಿಡೋಣ" ಅಂತ ಕೂತಿದಾರೆ.

ಕೇಳೋದು ಎರಡೇ. ಅರಣ್ಯ ಹಕ್ಕು ಕಾಯ್ದೆ ಅಂತ ಇದೆಯಲ್ಲ, ಅದು ನಮಗೆ ಅನ್ವಯ ಆಗುತ್ತಾ? ನಾವು ಎಸ್‌ಟಿ ಪಟ್ಟಿಯಲ್ಲಿ ಇಲ್ಲ. ಇನ್ನೊಂದು, ಟ್ರಂಚು ಹೊಡೆಯೋ ಮುಂಚೆ ಹಟ್ಟಿಯವರನ್ನ ಒಂದು ಮಾತು ಕೇಳಬೇಕು ಅಂತ ಎಲ್ಲಾದ್ರೂ ಬರೆದಿದೆಯಾ?

ಬಸ್ಸಾರುಮುದ್ದೆ

ಸರ್ಕಾರ ಒಂದು ಕೈಲಿ ಕುರಿ ಸಾಕಿ ಅಂತ ಸಾಲ ಕೊಡುತ್ತೆ, ಇನ್ನೊಂದು ಕೈಲಿ ಹುಲ್ಲಿಗೆ ಬೀಗ ಹಾಕುತ್ತೆ. ನಾವು ಮೂರು ವರ್ಷದ ಹಿಂದೆಯೇ ಮಾರಿ ಕೈ ತೊಳ್ಕೊಂಡ್ವಿ. ಕುರಿ ಕೂಡೋ ರೊಪ್ಪ ಇದ್ದ ಜಾಗದಲ್ಲಿ ಈಗ ಟಾಟಾ ಏಸ್ ನಿಲ್ಲುತ್ತೆ.

ಹಸಿರುಹೆಜ್ಜೆ

ತಪ್ಪು ತಿಳ್ಕೋಬೇಡಿ, ಇನ್ನೊಂದು ಮಗ್ಗುಲೂ ನೋಡಬೇಕು. ನಾನು ಪ್ರತಿ ತಿಂಗಳು ದೇವರಾಯನದುರ್ಗ, ಸಿದ್ದರಬೆಟ್ಟದ ಕಡೆ ಹೋಗ್ತೀನಿ. ಮೇಕೆ ನುಗ್ಗಿದ ಜಾಗದಲ್ಲಿ ಒಂದು ಚಿಗುರೂ ಉಳಿಯಲ್ಲ. ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ವಿಷಕ್ಕೆ ಸತ್ತವು. ದನ ಕಾಡಿಗೆ ಬಿಟ್ಟಿದ್ದಕ್ಕೇ ತಾನೇ ಅದೆಲ್ಲ ಶುರುವಾಗಿದ್ದು? ಇರೋ ಚೂರುಪಾರು ಕಾಡನ್ನಾದ್ರೂ ಬಿಟ್ಟುಬಿಡೋಣ. ಕುರಿಗೆ ಮನೆಯಲ್ಲೇ ಮೇವು ಹಾಕಿ ಸಾಕೋ ಪದ್ಧತಿ ಬಂದಿದೆ.

ಬಸ್ಸಾರುಮುದ್ದೆ

ಎಂಬತ್ತು ಕುರಿಗೆ ಮನೇಲೇ ಮೇವಾ? ಮೇವು ಬೆಳೆಯೋಕೆ ಬೋರು ಬೇಕು, ಬೋರು ಕೊರೆಸೋಕೆ ಆ ಎಂಬತ್ತು ಕುರಿನೂ ಮಾರಬೇಕು. ಆಮೇಲೆ ಹಸಿರು ಮೇವು ಹಸಿರಾಗೇ ಇರುತ್ತೆ, ತಿನ್ನೋಕೆ ಕುರಿ ಇರಲ್ಲ.

ಮಧುಗಿರಿ ಮೇಷ್ಟ್ರು

ಹಸಿರುಹೆಜ್ಜೆಯವರೇ, ನಿಮ್ಮ ಕಳಕಳಿ ನಿಜವಾದದ್ದೇ. ಆದರೆ ನೀವು ಮಲೆ ಮಹದೇಶ್ವರ ಬೆಟ್ಟವನ್ನೂ ಶಿರಾ ಗುಡ್ಡವನ್ನೂ ಒಂದೇ ಕಣ್ಣಲ್ಲಿ ನೋಡ್ತಿದ್ದೀರಿ. ನಮ್ಮ ಸೀಮೆಯ ಕಾಡು ಅಂದರೆ ದಟ್ಟ ಮರ ಅಲ್ಲ. ಕಾರೆ, ಎಲಚಿ, ಕಗ್ಗಲಿ, ತಂಗಡಿ, ಬಂದರಿಕೆ ಗಿಡ, ಅವುಗಳ ನಡುವೆ ಹುಲ್ಲು. ಹುಲ್ಲೇ ಇಲ್ಲಿನ ಕಾಡು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಒಮ್ಮೆ ಬನ್ನಿ. ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಅಂತ 2007ರಲ್ಲಿ ಘೋಷಿಸಿದ್ದು, 798 ಎಕರೆ. ಕೃಷ್ಣಮೃಗ ಅಲ್ಲಿ ಉಳಿದಿರೋದು ಬಯಲು ಹುಲ್ಲು ಉಳಿದಿದ್ದಕ್ಕೆ, ಮರ ನೆಟ್ಟಿದ್ದಕ್ಕಲ್ಲ. ಶಿರಾ ಕಡೆಯ ಬುಕ್ಕಾಪಟ್ಟಣದಲ್ಲಿ ಚಿಂಕಾರ ಇದೆ ಅಂತ 2019ರಲ್ಲಿ ಅಭಯಾರಣ್ಯ ಮಾಡಿದರಲ್ಲ, ಅದೂ ಕುರುಚಲು ಬಯಲಲ್ಲಿ ಓಡಾಡೋ ಪ್ರಾಣಿಯೇ. ತಲೆತಲಾಂತರದಿಂದ ಕುರಿ ಮೇಯುತ್ತಿದ್ದ ಸೀಮೆಯಲ್ಲೇ ಆ ಜಿಂಕೆಗಳೂ ಉಳಿದುಕೊಂಡಿದ್ದವು ಅನ್ನೋದನ್ನು ಯಾರೂ ಲೆಕ್ಕಕ್ಕೆ ಇಡೋದಿಲ್ಲ.

ಹುಲ್ಲುಬಯಲಿಗೆ ಗುಂಡಿ ತೋಡಿ ಸಸಿ ನೆಟ್ಟು ಅದನ್ನು ಕಾಡು ಮಾಡಿದೆವು ಅನ್ನೋ ರೋಗ ನಮ್ಮ ಜಿಲ್ಲೆಗಳಿಗೆ ಹಳೆಯದು. ಎಂಬತ್ತರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ಬಂತು, ವಿಶ್ವಬ್ಯಾಂಕಿನ ದುಡ್ಡು. ಸೌದೆ ಸಿಗುತ್ತೆ, ಮೇವು ಸಿಗುತ್ತೆ ಅಂದರು. ಬಂದದ್ದು ನೀಲಗಿರಿ. ಅದರ ಎಲೆ ಮೇಕೆಯೂ ಮೂಸೋದಿಲ್ಲ, ಬುಡದಲ್ಲಿ ಹುಲ್ಲೂ ಹುಟ್ಟೋದಿಲ್ಲ. 1983ರ ಆಗಸ್ಟ್‌ನಲ್ಲಿ ಇದೇ ತುಮಕೂರು ಜಿಲ್ಲೆಯ ಎರಡು ಹಳ್ಳಿಗಳ ರೈತರು ಅರಣ್ಯ ನರ್ಸರಿಗೆ ಮೆರವಣಿಗೆ ಹೋಗಿ ನೀಲಗಿರಿ ಸಸಿ ಕಿತ್ತೆಸೆದು ಹುಣಸೆ, ಮಾವಿನ ಬೀಜ ಹಾಕಿ ಬಂದಿದ್ದರು. ಆಗ ಅವರನ್ನು ಗಿಡದ ವೈರಿಗಳು ಅಂದವರೂ ಇದ್ದರು. 2017ರಲ್ಲಿ ಸರ್ಕಾರವೇ ನೀಲಗಿರಿ ನೆಡೋದನ್ನು ನಿಷೇಧಿಸಿತು. ಮೂವತ್ತನಾಲ್ಕು ವರ್ಷ ಬೇಕಾಯ್ತು ರೈತ ಹೇಳಿದ್ದು ಕಡತಕ್ಕೆ ಇಳಿಯೋಕೆ. ನಾನು ಆ ಕಾಲಕ್ಕೆ ಹೈಸ್ಕೂಲು ಹುಡುಗ, ಶಾಲೆಯಿಂದ ಸಾಲಾಗಿ ಕರೆದುಕೊಂಡು ಹೋಗಿ ನಮ್ಮ ಕೈಯಲ್ಲೂ ನೀಲಗಿರಿ ನೆಡಿಸಿದ್ದರು. ಪಾಪದಲ್ಲಿ ನನಗೂ ಪಾಲಿದೆ.

ಶ್ರೀನಿವಾಸಪುರದ ಮಾವು

ನಮ್ಮ ಕೋಲಾರದ ಕಥೆ ಸ್ವಲ್ಪ ಬೇರೆ ಸಾಮಿ. 2023ರಲ್ಲಿ ನಮ್ಮ ತಾಲ್ಲೂಕಿನಲ್ಲಿ ಒತ್ತುವರಿ ತೆರವು ನಡೆದಾಗ ಕಾಯಿ ಬಿಡೋ ಮಾವಿನ ಮರಗಳು ಜೆಸಿಬಿ ಕೆಳಗೆ ಹೋದವು. ಟಿವಿಯಲ್ಲಿ ನೀವೂ ನೋಡಿರ್ತೀರ. ಒಂದು ಕಡೆ ಮಹಾರಾಜರ ಕಾಲದ ಅಧಿಸೂಚನೆ, ಇನ್ನೊಂದು ಕಡೆ ಕಂದಾಯದವರೇ ಕೊಟ್ಟ ಸಾಗುವಳಿ ಚೀಟಿ. ಎರಡೂ ಸರ್ಕಾರದ್ದೇ ಕಾಗದ. ನಡುವೆ ಸಿಕ್ಕಿದವನು ರೈತ.

ಆದ್ರೆ ಒಂದು ಮಾತು ಹೇಳ್ಬೇಕು, ನಮ್ಮೋರೇ ಬೈತಾರೆ. ಅರ್ಧ ಎಕರೆ ಉಳ್ಕೊಂಡು ತಿನ್ನೋನನ್ನ ಮುಂದೆ ನಿಲ್ಲಿಸಿ ಹಿಂದೆ ಇಪ್ಪತ್ತು ಮೂವತ್ತು ಎಕರೆ ತೋಪು ಮಾಡ್ಕೊಂಡಿದ್ದ ದೊಡ್ಡೋರೂ ಇದ್ರು. ಬಡವನ ಕಣ್ಣೀರಿಗೆ ಕ್ಯಾಮೆರಾ, ದೊಡ್ಡೋನಿಗೆ ಸ್ಟೇ. ಹಟ್ಟಿಹೈದ ಅಣ್ಣಾ, ನಿಮ್ಮ ವಿಷಯದಲ್ಲಿ ಜಮೀನು ಕೇಳ್ತಿಲ್ಲ, ಹುಲ್ಲು ಕೇಳ್ತಿದೀರ. ಅದನ್ನ ಮೊದಲೇ ಬಿಡಿಸಿ ಹೇಳಿ. ಇಲ್ಲಾಂದ್ರೆ ನಿಮ್ಮನ್ನೂ ಒತ್ತುವರಿದಾರರು ಅಂತ ಒಂದೇ ಚೀಲಕ್ಕೆ ತುಂಬ್ತಾರೆ.

ಎಲೆ ಹಚ್ಚೋಳು

ಎಲ್ಲಾ ಗಂಡಸರೇ ಮಾತಾಡ್ತಿದೀರ. ಪಾವಗಡದಿಂದ ನಾನೊಂದು ಮಾತು.

ನಮ್ಮತ್ತೆ ಕಾಲದಿಂದ ಮುತ್ತುಗದ ಊಟದೆಲೆ ಹಚ್ತೀವಿ. ಬ್ಯಾಸಿಗೆ ಕೊನೆಗೆ ಹೊಸ ಎಲೆ ಬಲಿತಾಗ ಕೀಳಬೇಕು, ಎಳೇದು ಒಣಗಿದ್ರೆ ಮುದುರುತ್ತೆ, ಬಲಿತದ್ದು ಹೆಚ್ಚಾದ್ರೆ ಕಡ್ಡಿ ಚುಚ್ಚುವಾಗ ಸೀಳುತ್ತೆ. ನಾಲ್ಕು ಗಂಟೆಗೆ ಎದ್ದು ಗುಂಪಾಗಿ ಹೋಗೋದು, ಕರಡಿ ಹೆದರಿಕೆಗೆ. ಮೊದಲು ಎಲೆ ಕಿತ್ತರೆ ಯಾರೂ ಕೇಳ್ತಿರಲಿಲ್ಲ. ಈಗ ಗಂಟು ನೋಡಿದ್ರೆ ಬಿಚ್ಚಿಸ್ತಾರೆ. ಒಂದ್ಸಲ ನಮ್ಮೋರಗಿತ್ತಿ ಕುಡುಗೋಲು ಕಿತ್ಕೊಂಡ್ರು. ಎಲೆ ಕೀಳೋಕೆ ಯಾರಾದ್ರೂ ಕುಡುಗೋಲು ಒಯ್ತಾರಾ, ಅದು ಸೌದೆಗೆ ಅಂತ ಅವಳೇ ಒಪ್ಕೊಂಡು ದಂಡ ಕಟ್ಟಿ ಬಂದ್ಲು, ದಡ್ಡಿ!

ಸೀತಾಫಲನೂ ಹಂಗೇ. ಗುಡ್ಡದ ಸೀತಾಫಲ ಹರಾಜು ಹಿಡಿದೋನು ಲಾರೀಲಿ ತುಂಬ್ಕೊಂಡು ಹೋಗ್ಬೋದು, ಅದೇ ಗಿಡದಿಂದ ನಾವು ಒಂದು ಪುಟ್ಟಿ ತಂದ್ರೆ ಕಳ್ಳಿ. ಕಾಡು ಸರ್ಕಾರದ್ದು ಅಂತ ಒಪ್ಪೋಣ, ಹಣ್ಣು ತಿಂದು ಬೀಜ ಉಗಿದು ಆ ಗಿಡ ಹಬ್ಬಿಸಿದ್ದು ನಮ್ಮ ಮಕ್ಕಳಲ್ವಾ?

ಚಿಕ್ಕಬಳ್ಳಾಪುರ ಲಾಯರ್

ಮೂಲ ಪ್ರಶ್ನೆಗೆ ಬರ್ತೀನಿ. ಉದ್ದ ಇದೆ, ಕಾಫಿ ತಗೊಂಡು ಕೂತ್ಕೊಳ್ಳಿ.

ಅನ್ವಯ ಆಗುತ್ತೆ. ಕಾಯ್ದೆಯ ಹೆಸರಲ್ಲೇ ಇದೆ: ಅನುಸೂಚಿತ ಬುಡಕಟ್ಟುಗಳು ಮತ್ತು ಇತರ ಪಾರಂಪರಿಕ ಅರಣ್ಯವಾಸಿಗಳ ಅರಣ್ಯ ಹಕ್ಕುಗಳ ಮಾನ್ಯತೆ ಕಾಯ್ದೆ, 2006. ನೀವು ಆ "ಇತರ" ಅನ್ನೋದರಲ್ಲಿ ಬರ್ತೀರಿ. ಆದರೆ ಆ ಒಂದು ಪದದ ಬೆಲೆ ದೊಡ್ಡದು. ಎಸ್‌ಟಿಯವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಅಲ್ಲಿದ್ದರು ಅಂತ ತೋರಿಸಿದರೆ ಸಾಕು. ಇತರರು ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ತಲೆಮಾರಿಗೆ 25 ವರ್ಷ, ಅಂದರೆ 75 ವರ್ಷ ಕಾಡನ್ನು ನೆಚ್ಚಿ ಅಲ್ಲಿ ಬದುಕಿದ್ದರು ಅಂತ ತೋರಿಸಬೇಕು. ಲೆಕ್ಕ 1930ಕ್ಕೆ ಹೋಗುತ್ತೆ. ಒಂದೇ ಗುಡ್ಡ, ಒಂದೇ ಹುಲ್ಲು, ಪಕ್ಕದ ನಾಯಕರ ಕೇರಿಗೆ ಒಂದು ಅಳತೆ, ಗೊಲ್ಲರಹಟ್ಟಿಗೆ ಇನ್ನೊಂದು. ಕರ್ನಾಟಕದಲ್ಲಿ ಬಂದ ಅರ್ಜಿಗಳಲ್ಲಿ ಬಹುಪಾಲು ಬಿದ್ದುಹೋಗಿರೋದರ ಹಿಂದೆ ಈ 75 ವರ್ಷದ ದಾಖಲೆಯ ಗೋಳು ದೊಡ್ಡದಿದೆ.

ಈಗ ಜನ ಮಾಡೋ ತಪ್ಪು. ಅರಣ್ಯ ಹಕ್ಕು ಅಂದ ತಕ್ಷಣ ಎಲ್ಲರೂ ಜಮೀನಿಗೆ ಅರ್ಜಿ ಹಾಕ್ತಾರೆ. ನಮ್ಮ ಕಡೆ ಅದೂ ಇಲ್ಲ, ನೇರವಾಗಿ ಬಗರ್ ಹುಕುಂ ನಮೂನೆ 57 ಹಿಡ್ಕೊಂಡು ಓಡ್ತಾರೆ. ಅದು ಕಂದಾಯ ಭೂಮಿಗೆ, ಕಾಡಿಗಲ್ಲ. ನಿಮಗೆ ಬೇಕಾದ್ದು ಕಾಯ್ದೆಯ 3ನೇ ಪ್ರಕರಣದ ಸಮುದಾಯ ಹಕ್ಕು. ಮೇಯಿಸೋದು ಅಂತಲೇ ಅಲ್ಲಿ ಬರೆದಿದೆ. ನೆಲೆನಿಂತವರಿಗೂ ವಲಸೆ ಹೋಗುವವರಿಗೂ, ಋತುಮಾನಕ್ಕೆ ಬಂದು ಹೋಗುವ ಪಶುಪಾಲಕರಿಗೂ. ಅರ್ಜಿ ನಮೂನೆ "ಬಿ". ಒಬ್ಬೊಬ್ಬರ ಹೆಸರಲ್ಲಲ್ಲ, ಹಟ್ಟಿಯ ಹೆಸರಲ್ಲಿ. ಎಲೆ ಹಚ್ಚೋ ಅಕ್ಕನವರಿಗೂ ಇದೇ ಪ್ರಕರಣ. ಕಿರು ಅರಣ್ಯ ಉತ್ಪನ್ನದ ಒಡೆತನವೇ ಅದರಲ್ಲಿದೆ, ಪಾರಂಪರಿಕವಾಗಿ ಸಂಗ್ರಹಿಸುತ್ತಿದ್ದದ್ದಾದರೆ.

ಸಾಕ್ಷ್ಯದ ವಿಷಯ. ಇದೇ ಕಾಯ್ದೆಯ ನಿಯಮ 13 ಓದಿ. ಸಮುದಾಯದ ಹಕ್ಕಿಗೆ ಹಿಂದಿನಿಂದ ಮೇಯಿಸುತ್ತಿದ್ದ ಜಾಗ, ದನಕರು ನೀರು ಕುಡಿಯುತ್ತಿದ್ದ ತಾಣ, ದೇವರ ಮರ, ದೇವರ ವನ, ಸಮಾಧಿ, ಹಳೆಯ ಕಟ್ಟೋಣದ ಕುರುಹು, ಇವೆಲ್ಲ ಸಾಕ್ಷ್ಯವೇ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಒಂದಕ್ಕಿಂತ ಹೆಚ್ಚು ಬಗೆಯದು ಇರಬೇಕು ಅಷ್ಟೆ. 2012ರ ತಿದ್ದುಪಡಿಯಲ್ಲಿ ಇನ್ನೂ ಸ್ಪಷ್ಟವಾಗಿದೆ: ಇಂಥದ್ದೇ ಕಾಗದ ತನ್ನಿ ಅಂತ ಅರ್ಜಿ ನೋಡೋ ಉಪವಿಭಾಗ ಸಮಿತಿಯಾಗಲಿ ಜಿಲ್ಲಾ ಸಮಿತಿಯಾಗಲಿ ಹಠ ಹಿಡಿಯುವಂತಿಲ್ಲ.

ಟ್ರಂಚಿನ ಬಗ್ಗೆ ನಿಮಗೆ ಹಿತವಾಗೋ ಉತ್ತರ ನನ್ನ ಹತ್ರ ಇಲ್ಲ. ಅರ್ಜಿ ಇತ್ಯರ್ಥ ಆಗೋವರೆಗೆ ಎಬ್ಬಿಸುವಂತಿಲ್ಲ ಅಂತ ಪ್ರಕರಣ 4(5) ಹೇಳೋದು ಸ್ವಾಧೀನದಲ್ಲಿರೋ ನೆಲದ ಬಗ್ಗೆ. ಮೇವಿಗೂ ಅದು ಸಲ್ಲುತ್ತೆ ಅಂತ ವಾದ ಮಾಡಬಹುದು, ಗೆದ್ದೇ ಗೆಲ್ತೀರಿ ಅಂತ ನಾನು ಹೇಳಲ್ಲ. ಇನ್ನೊಂದು ಕಡೆ, ಕಾಯ್ದಿಟ್ಟ ಅರಣ್ಯದೊಳಗೆ ಅಪ್ಪಣೆಯಿಲ್ಲದೆ ಮೇಯಿಸೋದು 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಅಪರಾಧ. ಹಾಗಾಗಿ ಹಕ್ಕು ಮಾನ್ಯ ಆಗೋವರೆಗೆ ಗಾರ್ಡ್ ಜೊತೆ ಕೈಕೈ ಮಿಲಾಯಿಸೋಕೆ ಹೋಗಬೇಡಿ.

ಹಾಂ, ಎಲ್ಲಕ್ಕೂ ಮೊದಲು ನಿಮ್ಮ ಗುಡ್ಡ ಕಾಗದದಲ್ಲಿ ಏನು ಅಂತ ನೋಡಿ. ಅಂತಿಮ ಅಧಿಸೂಚನೆ ಆದ ಕಾಡಾ, ಸೆಕ್ಷನ್ 4ರ ಮೊದಲ ಅಧಿಸೂಚನೆಯಲ್ಲೇ ನಿಂತಿದ್ದಾ, ಅಧಿಸೂಚನೆ ಆಗದಿದ್ದರೂ ಕಾಡು ಅಂತ ಗುರುತಿಸಿದ ಡೀಮ್ಡ್ ಫಾರೆಸ್ಟಾ? ಡೀಮ್ಡ್ ಅಂತ ಮೊದಲು ರಾಜ್ಯದಲ್ಲಿ 9.94 ಲಕ್ಷ ಹೆಕ್ಟೇರ್ ಗುರುತಿಸಿದ್ದು 2022ರಲ್ಲಿ 3.3 ಲಕ್ಷಕ್ಕೆ ಇಳಿಯಿತು. ಅಥವಾ ಗೋಮಾಳವೇ ಇರಬಹುದು. ಗೋಮಾಳವಾದರೆ ಆಟವೇ ಬೇರೆ, ನೂರು ಜಾನುವಾರಿಗೆ 12 ಹೆಕ್ಟೇರ್ ಬಿಡಬೇಕು ಅನ್ನೋ ನಿಯಮ ಕಂದಾಯದವರ ಕೊರಳಿಗೆ ಬೀಳುತ್ತೆ.

ಬಸ್ಸಾರುಮುದ್ದೆ

ಲಾಯರ್ ಸಾಹೇಬ್ರೆ, ಹಂಗಾದ್ರೆ ಕಾಡುಗೊಲ್ಲರ ದೇವರು ಜುಂಜಪ್ಪನನ್ನೇ ಸಾಕ್ಷಿ ಕಟ್ಟೆಗೆ ಕರೀಬೋದಾ? ಕಳುವರಹಳ್ಳಿಯಲ್ಲಿ ಅವನ ಗುಡ್ಡೆ ಇದೆ, ವಿಳಾಸ ಪಕ್ಕಾ.

ಚಿಕ್ಕಬಳ್ಳಾಪುರ ಲಾಯರ್

ನಗಬೇಡಿ. ದೇವರ ತಾಣ ಸಾಕ್ಷ್ಯ ಅಂತ ಈಗ ತಾನೇ ಬರೆದೆ. ದೇವರು ಬರದಿದ್ರೂ ಕಲ್ಲು ಸಾಕು.

ಹಸಿರುಹೆಜ್ಜೆ

ಕಾನೂನು ಒಪ್ಪಿದೆ. ಆದರೆ ಹಕ್ಕು ಸಿಕ್ಕಿದ ಮೇಲೆ ಹೊಣೆ ಯಾರದು? ಎಲ್ಲ ಹಟ್ಟಿಯವರೂ ಬಂದು ಮೇಯಿಸಿದರೆ ಗುಡ್ಡ ಎರಡೇ ವರ್ಷಕ್ಕೆ ಬೋಳು.

ಚಿಕ್ಕಬಳ್ಳಾಪುರ ಲಾಯರ್

ಅದೂ ಕಾಯ್ದೆಯಲ್ಲೇ ಇದೆ, 5ನೇ ಪ್ರಕರಣ. ಕಾಡು, ವನ್ಯಜೀವಿ, ನೀರಿನ ಮೂಲ ಕಾಯೋ ಜವಾಬ್ದಾರಿ ಹಕ್ಕುದಾರರದ್ದು, ಗ್ರಾಮಸಭೆಯದ್ದು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು, ಅದು ಹುಲಿ ಸಂರಕ್ಷಿತ ಪ್ರದೇಶ. ಹುಲಿ ಓಡಿಹೋಗಿಲ್ಲ.

ಹಳೇ ಗಾರ್ಡು

ಬರೀಬೇಕೋ ಬ್ಯಾಡ್ವೋ ಅಂತ ಎರಡು ದಿನ ಯೋಚನೆ ಮಾಡ್ದೆ. ಮೂವತ್ತೊಂದು ವರ್ಷ ಖಾಕಿ ಹಾಕಿದೋನು, ಈಗ ನಿವೃತ್ತ. ಯಾವ ರೇಂಜು ಅಂತ ಹೇಳಲ್ಲ, ಕೇಳ್ಬೇಡಿ.

ಮೊದಲು ಇಲಾಖೆ ಕಡೆ ಮಾತು. ಎಂಬತ್ತು ಕುರಿ ಹಟ್ಟಿ ಮನುಷ್ಯಂದು ನಮಗೆ ಯಾವತ್ತೂ ತಲೆನೋವಾಗಿರಲಿಲ್ಲ. ಅವನಿಗೆ ಗುಡ್ಡ ಗೊತ್ತು, ಒಂದು ಮಗ್ಗುಲು ಮೇಯಿಸಿದ್ರೆ ಇನ್ನೊಂದು ಮಗ್ಗುಲು ಬಿಡ್ತಾನೆ. ತಲೆನೋವು ಪಾಲಿನ ಕುರಿಯದ್ದು. ಪೇಟೆಯೋನು ಮುನ್ನೂರು ಕುರಿ ತಂದು ಯಾರೋ ಹುಡುಗನ ಕೈಗೆ ಕೊಡ್ತಾನೆ, ಬಕ್ರೀದಿಗೆ ಕೊಬ್ಬಬೇಕು ಅಷ್ಟೆ. ಆ ಹುಡುಗ ದೋಟಿಗೆ ಕುಡುಗೋಲು ಕಟ್ಟಿ ಕೊಂಬೆ ಕೊಂಬೆ ಇಳಿಸ್ತಾನೆ. ಶಿವರಾತ್ರಿ ಹೊತ್ತಿಗೆ ಬಾದೆಹುಲ್ಲಿಗೆ ಬೆಂಕಿ ಇಡ್ತಾನೆ, ಹೊಸ ಚಿಗುರು ಬರ್ಲಿ ಅಂತ. ಆ ಬೆಂಕಿಯಲ್ಲಿ ನಾನು ಸೊಪ್ಪಿನ ಕೊಂಬೆ ಹಿಡ್ಕೊಂಡು ರಾತ್ರಿಯೆಲ್ಲ ಬಡಿದಿದೀನಿ, ಒಂದು ಹುಬ್ಬು ಸುಟ್ಟು ಮತ್ತೆ ಸರಿಯಾಗಿ ಬರಲೇ ಇಲ್ಲ. ಆದ್ರೆ ಆಗ ನನ್ನ ಜೊತೆ ಬಂದು ಬಡಿದೋರು ಯಾರು? ಹಟ್ಟಿ ಹುಡುಗರೇ. ನಮ್ಮ ಬೀಟಿಗೆ ಇದ್ದಿದ್ದು ನಾನು, ಒಬ್ಬ ವಾಚರ್ರು.

ಈಗ ಟ್ರಂಚು. ಮೇಲಿಂದ ಗುರಿ ಬರುತ್ತೆ, ಈ ವರ್ಷ ಇಷ್ಟು ಹೆಕ್ಟೇರ್ ನೆಡಬೇಕು ಅಂತ. ಎಲ್ಲೋ ಗಣಿಗೋ ರಸ್ತೆಗೋ ಕಾಡು ಹೋದ್ರೆ ಅದಕ್ಕೆ ಪರಿಹಾರದ ನಿಧಿ ಇರುತ್ತೆ, 2016ರಲ್ಲಿ ಅದಕ್ಕೆ ಕಾನೂನೂ ಆಯ್ತು. ಆ ದುಡ್ಡು ಖರ್ಚಾಗ್ಬೇಕು. ಗುಂಡಿ ತೋಡೋಕೆ ಸಲೀಸಾದ ಜಾಗ ಯಾವುದು? ಮರ ಇಲ್ಲದ ಬಯಲು. ಅದು ಕುರಿಯೋನ ಹುಲ್ಲುಗಾವಲು ಅಂತ ನಕ್ಷೆಯಲ್ಲಿ ಇರಲ್ಲ, ಖಾಲಿ ಜಾಗ ಅಂತ ಇರುತ್ತೆ. ನಾನೇ ಎಷ್ಟೋ ಸಲ ಹಂಗೆ ಖಾಲಿ ಜಾಗ ತೋರಿಸಿದೀನಿ. ಮೂರು ವರ್ಷ ಕಾಯೋಕೆ ದುಡ್ಡು ಇರುತ್ತೆ, ಆಮೇಲೆ ಸಸಿ ಬದುಕಿದ್ಯೋ ಸತ್ತಿದ್ಯೋ ಕೇಳೋರಿಲ್ಲ, ಟ್ರಂಚು ಮಾತ್ರ ಹಂಗೇ ಇರುತ್ತೆ. ತೊಂಬತ್ತರ ದಶಕದಲ್ಲಿ ಗ್ರಾಮ ಅರಣ್ಯ ಸಮಿತಿ ಅಂತ ಮಾಡಿದ್ವಿ, 1993ರ ಆದೇಶ. ಅಧ್ಯಕ್ಷರು ಊರಿನ ಯಜಮಾನರು, ಹಟ್ಟಿಯವರದ್ದು ಹೆಬ್ಬೆಟ್ಟು ಮಾತ್ರ. ಪಾಸ್‌ಬುಕ್ ಎಲ್ಲೋಯ್ತು ಅಂತ ದೇವರೇ ಬಲ್ಲ.

ತಮ್ಮಾ ಹಟ್ಟಿಹೈದ, ಒಂದು ಉಪಕಾರದ ಮಾತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೇವಿನ ಚೀಟಿ ಕೊಡ್ತಿದ್ವಿ, ತಲೆಗೆ ಇಷ್ಟು ಪೈಸೆ ಅಂತ ಕಟ್ಟಿಸ್ಕೊಂಡು. ನನಗಿಂತ ಮುಂಚಿನೋರೂ ಕೊಡ್ತಿದ್ರು. ಹಳೇ ಟ್ರಂಕು, ದೇವರ ಗೂಡು, ಸೂರಿನ ಸಂದಿ ಎಲ್ಲಾ ಹುಡುಕು. ಒಂದು ಚೀಟಿ ಸಿಕ್ಕಿದ್ರೆ ಇಲಾಖೆಯೇ ಕೊಟ್ಟ ಸಾಕ್ಷಿ ಅದು.

ಎಲೆ ಹಚ್ಚೋಳು

ಗಾರ್ಡಣ್ಣ, ಆ ಕುಡುಗೋಲು ಕಿತ್ಕೊಂಡಿದ್ದು ನೀನೇನಾದ್ರೂ ಅಲ್ಲ ತಾನೆ?

ಹಳೇ ಗಾರ್ಡು

ಪಾವಗಡದಲ್ಲಿ ನಾನು ಇರಲಿಲ್ಲ ತಾಯಿ. ಬೇರೆ ಕಡೆ ಕಿತ್ಕೊಂಡಿದೀನಿ. ಸುಳ್ಳು ಹೇಳಲ್ಲ.

ಮಂಕರಿ ಮೊರ

ನಾವು ಮೇದರು, ತುಮಕೂರು. ಬಿದಿರು ಕಿರು ಅರಣ್ಯ ಉತ್ಪನ್ನ ಅಂತ ಅದೇ ಕಾಯ್ದೆಯಲ್ಲಿದೆ, ನಾವು ಎಸ್‌ಟಿ ಪಟ್ಟಿಯಲ್ಲೂ ಇದೀವಿ. ಎರಡೂ ಇದ್ದು ಏನು ಬಂತು? ಇರೋದು ಪೇಟೆ ಬೀದಿಯಲ್ಲಿ. ಕಾಡಲ್ಲಿ ವಾಸ ಇಲ್ವಲ್ಲ ಅಂತಾರೆ. ಬಿದಿರು ದುಡ್ಡು ಕೊಟ್ಟು ತಂದು ಮೊರ ಹೆಣೆದ್ರೆ ಪಕ್ಕದಲ್ಲೇ ಪ್ಲಾಸ್ಟಿಕ್ ಮೊರ. ಗೌರಿ ಹಬ್ಬದ ಬಾಗಿನದಿಂದ ಒಂದು ತಿಂಗಳು ಹೊಟ್ಟೆ ತುಂಬುತ್ತೆ.

ಹಟ್ಟಿಹೈದ · ಸೆಪ್ಟೆಂಬರ್

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಗಾರ್ಡ್ ಸಾರ್ ಹೇಳಿದಂಗೆ ಹುಡುಕಿದ್ವಿ. ನಮ್ಮನೇಲಿ ಏನೂ ಸಿಗಲಿಲ್ಲ. ಊರೊಳಗೆ ಹಳೇ ಪಟೇಲರ ಮನೇಲಿ ಒಂದು ಕಟ್ಟು ಸಿಕ್ತು, ಗೆದ್ದಲು ತಿಂದು ಉಳಿದದ್ದು. ಮೇವಿನ ಚೀಟಿ ಇದೆ! ಆದ್ರೆ ಹೆಸರು ಪಟೇಲರದ್ದು. ಅವರ ದನ ಇಷ್ಟು, ಅವರ ಕುರಿ ಇಷ್ಟು ಅಂತ. ಆ ದನ ಕುರಿ ಗುಡ್ಡಕ್ಕೆ ಹೊಡ್ಕೊಂಡು ಹೋಗ್ತಿದ್ದೋನು ನಮ್ಮ ಮುತ್ತಾತ. ತಾತ ಕಾಗದ ಕೈಗೆ ತಗೊಂಡು ತಿರುಗಿಸಿ ಮುರುಗಿಸಿ ನೋಡಿ, "ಕುರಿ ಬರೆದವ್ರೆ, ಕಾಯ್ದೋನ ಬರೆದಿಲ್ಲ" ಅಂದ್ರು.

ಅವತ್ತು ರಾತ್ರಿ ತಾತನನ್ನ ಕೂರಿಸ್ಕೊಂಡು ಗುಡ್ಡದ ಬಗ್ಗೆ ಕೇಳ್ತಾ ಹೋದೆ, ಫೋನಲ್ಲಿ ರೆಕಾರ್ಡು ಮಾಡ್ಕೊಂಡೆ. ಬರ್ದಿಡೋಣ ಅಂತ ಲೆಕ್ಕ ಹಾಕಿದ್ರೆ ಮೂವತ್ತನಾಲ್ಕು ಹೆಸರು. ನನಗೆ ಗೊತ್ತಿದ್ದದ್ದು ಐದಾರು. ತ್ವಾಳನ ಬಂಡೆ, ಕಂಬಳಿ ಒಣಗಿಸೋ ಹಾಸು, ಅವಳಿಮರಿ ಸರ, ಕಣ್ಣುಬ್ಯಾನೆ ಸೊಪ್ಪಿನ ದಿಬ್ಬ, ಉಪ್ಪು ನೆಕ್ಕೋ ಕಣಿವೆ. ಉಪ್ಪು ನೆಕ್ಕೋ ಕಣಿವೆಯಲ್ಲಿ ಒಂದು ಬಗೆ ಬಿಳಿ ಮಣ್ಣು ಇದೆಯಂತೆ, ಮರಿ ಹಾಕಿದ ಕುರಿಗಳನ್ನ ಅಲ್ಲಿಗೆ ಹೊಡ್ಕೊಂಡು ಹೋಗ್ತಿದ್ರಂತೆ. ಹಸಿರುಹೆಜ್ಜೆ ಅವರಿಗೆ ಹೇಳ್ಬೇಕಾದ್ದು: ಬಿತ್ತನೆ ಹೊತ್ತಿಗೆ ಪಡುವಣ ಮಗ್ಗುಲಿಗೆ ಯಾರೂ ಹೋಗಂಗಿಲ್ಲ, ಹುಲ್ಲು ಬೀಜ ಉದುರೋವರೆಗೆ ದೇವರ ಆಣೆ ಅಂತ ಕಟ್ಟು ಇತ್ತಂತೆ. ಯಾರು ಹಾಕಿದ್ದು ಅಂದ್ರೆ ತಾತನಿಗೂ ಗೊತ್ತಿಲ್ಲ. ಮುರಿದೋನಿಗೆ ಏನಾಗ್ತಿತ್ತು ಅಂದ್ರೆ, "ಏನಾಗ್ತಿತ್ತು, ಹಟ್ಟಿಗೆಲ್ಲ ಊಟ ಹಾಕ್ಬೇಕಿತ್ತು" ಅಂದ್ರು.

ಗುಡ್ಡದ ಸ್ಥಿತಿನೂ ತಿಳೀತು. ಕಾಯ್ದಿಟ್ಟ ಅರಣ್ಯವೇ. ನಕ್ಷೆ ನೋಡಿದೆ, ಅದರಲ್ಲಿ ಇರೋದು ಬರೀ ನಂಬರು.

ಹಸಿರುಹೆಜ್ಜೆ

ಆ ಕಟ್ಟಿನ ವಿಷಯ ನನಗೆ ಗೊತ್ತಿರಲಿಲ್ಲ. ಒಂದು ದಿನ ಬಂದು ಅಜ್ಜನ ಜೊತೆ ಆ ಜಾಗ ಎಲ್ಲ ನಡೆದು ಜಿಪಿಎಸ್‌ನಲ್ಲಿ ಗುರುತು ಹಾಕಿಕೊಡಲಾ? ನಕ್ಷೆ ಮಾಡೋದು ನನಗೆ ಬರುತ್ತೆ. ಮೇಕೆ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಅದು ಬೇರೆ.

ಹಟ್ಟಿಹೈದ

ಬನ್ನಿ. ಚಪ್ಪಲಿ ಬಿಟ್ಟು ಬರ್ಬೇಕು ಒಂದೆರಡು ಕಡೆ, ಆದ್ರೆ ಮುಳ್ಳು ಜಾಸ್ತಿ. ಮೇಕೆ ಹಾಲಿನ ಕಾಫಿ ಕೊಡ್ತೀವಿ, ಆಮೇಲೆ ಅಭಿಪ್ರಾಯ ಹೇಳಿ.

ಚಿಕ್ಕಬಳ್ಳಾಪುರ ಲಾಯರ್

ಅಜ್ಜನ ಹೇಳಿಕೆಯನ್ನು ಈಗಲೇ ಬರೆಸಿ, ಹೆಬ್ಬೆಟ್ಟು ಒತ್ತಿಸಿ. ಆದರೆ ನೆನಪಿರಲಿ, ಅರ್ಜಿದಾರರಲ್ಲದ ಹಿರಿಯರ ಹೇಳಿಕೆ ಬೇಕು. ಪಕ್ಕದ ಊರಿನ, ಬೇರೆ ಜಾತಿಯ ಹಿರಿಯರೊಬ್ಬರು ಸಿಕ್ಕರೆ ಇನ್ನೂ ಗಟ್ಟಿ. ಪಟೇಲರ ಮನೆಯವರು ಒಪ್ಪಿದರೆ ಅವರೇ ಆಗಬಹುದು. ಚೀಟಿ ಅವರದ್ದು, ಕುರಿ ಕಾಯ್ದವರು ಇವರು ಅಂತ ಅವರ ಬಾಯಲ್ಲೇ ಬಂದರೆ ಗೆದ್ದಲು ತಿಂದ ಆ ಕಾಗದಕ್ಕೆ ಜೀವ ಬರುತ್ತೆ.

ಹಟ್ಟಿಹೈದ · ಜನವರಿ

ಬಹಳ ಜನ ಮೆಸೇಜು ಮಾಡಿ ಏನಾಯ್ತು ಅಂತ ಕೇಳಿದೀರ, ಅದಕ್ಕೆ ಬರೀತಿದೀನಿ. ಪಟೇಲರ ಮನೆ ಅಜ್ಜಿ ಹೇಳಿಕೆ ಕೊಟ್ಟರು. ಎಂಬತ್ತೆಂಟು ವರ್ಷ, ನಮ್ಮ ಮುತ್ತಾತನ ಹೆಸರು, ಅವನ ನಾಯಿ ಹೆಸರು ಸಮೇತ ಹೇಳಿದ್ರು. ಅವರ ಮಗನಿಗೆ ಇಷ್ಟ ಇರಲಿಲ್ಲ, ಅಜ್ಜಿ ಕೇಳಲಿಲ್ಲ. ನಕ್ಷೆ ಆಗಿದೆ, ಮೂವತ್ತನಾಲ್ಕರಲ್ಲಿ ಇಪ್ಪತ್ತೊಂಬತ್ತು ಜಾಗ ಸಿಕ್ಕವು. ಮಿಕ್ಕಿದ್ದು ಟ್ರಂಚಿಗೆ ಹೋಗಿದೆ, ಇಲ್ಲಾ ತಾತನಿಗೆ ಹತ್ತೋಕೆ ಆಗಲಿಲ್ಲ.

ನಮೂನೆ "ಬಿ" ತುಂಬಿದೀವಿ. ತೊಡಕು ಗ್ರಾಮಸಭೆಯದ್ದು. ಅರಣ್ಯ ಹಕ್ಕು ಸಮಿತಿ ನಮ್ಮ ಊರಲ್ಲಿ ಕಾಗದದಲ್ಲಷ್ಟೇ ಇತ್ತು, ಹೊಸದಾಗಿ ಮಾಡ್ಬೇಕು. ಅದಕ್ಕೆ ಅರ್ಧದಷ್ಟು ಜನ ಸೇರಬೇಕಂತೆ. ಫೆಬ್ರವರಿಯಲ್ಲಿ ಸಭೆ ಅಂತಾರೆ, ಆ ಹೊತ್ತಿಗೆ ಹಟ್ಟಿಯ ಗಂಡಸರೆಲ್ಲ ಹಿಂಡು ಹೊಡ್ಕೊಂಡು ಹೋಗಿರ್ತಾರೆ. ಅಪ್ಪನೂ ನಾಳಿದ್ದು ಹೊರಡ್ತಾರೆ, ಐವತ್ತು ಕುರಿ ಜೊತೆ. ಮೂವತ್ತು ಮಾರಿದ್ವಿ.

ಚಿಕ್ಕಬಳ್ಳಾಪುರ ಲಾಯರ್

ನಿಯಮ 12 ನೋಡಿ. ಪಶುಪಾಲಕರ, ಅಲೆಮಾರಿಗಳ ಅರ್ಜಿಯನ್ನು ಅವರೋ ಅವರ ಪ್ರತಿನಿಧಿಗಳೋ ಊರಲ್ಲಿರೋ ಹೊತ್ತಲ್ಲೇ ಪರಿಶೀಲಿಸಬೇಕು ಅಂತ ನೇರವಾಗಿ ಬರೆದಿದೆ. ಅದನ್ನೇ ಉಲ್ಲೇಖಿಸಿ, ಮಳೆ ಬಿದ್ದು ಹಿಂಡು ವಾಪಸ್ ಬಂದ ಮೇಲೆ ಸಭೆ ಇಡಿ ಅಂತ ಪಂಚಾಯ್ತಿಗೆ ಬರೆದು ಕೊಡಿ. ಹೆಂಗಸರು ಊರಲ್ಲೇ ಇರ್ತಾರಲ್ಲ, ಸಹಿ ಅವರದ್ದೇ ಮೊದಲು ಹಾಕಿಸಿ.

ಹಟ್ಟಿಹೈದ

ಇವತ್ತು ಅವ್ವ ಮತ್ತೆ ಹದಿನೇಳು ಜನ ಹೆಂಗಸರು ಹೋಗಿ ಕೊಟ್ಟು ಬಂದ್ರು. ತಗೊಂಡ್ರಂತೆ, ನೋಡೋಣ ಅಂದ್ರಂತೆ.

ಹಳೇ ಗಾರ್ಡು

ಇನ್ನೊಂದು ಪ್ರತಿ ಮೇಲೆ ಸೀಲು ಹಾಕಿ ಕೊಟ್ರಾ?

ಹಟ್ಟಿಹೈದ

ಇಲ್ಲ ಸಾರ್. ಸಾಹೇಬ್ರು ಊಟಕ್ಕೆ ಹೋಗಿದ್ರಂತೆ.

ಹಳೇ ಗಾರ್ಡು

ನಾಳೆ ಬೆಳಗ್ಗೆ ಹತ್ತಕ್ಕೇ ಮತ್ತೆ ಕಳಿಸು ತಮ್ಮಾ. ಸೀಲು, ತಾರೀಖು, ಆವಕ ಸಂಖ್ಯೆ. ಮೂರೂ ಬೀಳೋವರೆಗೆ ಅವ್ವನಿಗೆ ಅಲ್ಲೇ ಕೂತಿರೋಕೆ ಹೇಳು.

ಎಲೆ ಹಚ್ಚೋಳು

ಊಟಕ್ಕೆ ಅಂತ ಎದ್ರೆ ನಾವೂ ಇಲ್ಲೇ ಉಣ್ತೀವಿ ಅನ್ನಿ. ಎಲೆ ನಾನು ಕಳಿಸ್ತೀನಿ.